ಶೇಕಡಾ ಒಂದರ ಲೆಕ್ಕ

ಮಕ್ಕಳೇ, ಮೊದಲು ಒಂದು ಲೆಕ್ಕ ಮಾಡಿ. ಒಂದು ಆಟದಲ್ಲಿ ಗೋಲಿಗೆ 6 ಅಂಕ. ಚೆಂಡು ಗೋಲಿನ ಪಕ್ಕದಲ್ಲಿ ಹೋದರೆ 1 ಅಂಕ. ಒಂದು ತಂಡ 11 ಗೋಲು ಹೊಡೆಯಿತು, 13 ಸಲ ಪಕ್ಕಕ್ಕೆ ಹೋಯಿತು. ಇನ್ನೊಂದು ತಂಡ 9 ಗೋಲು ಹೊಡೆಯಿತು, 20 ಸಲ ಪಕ್ಕಕ್ಕೆ ಹೋಯಿತು. ಗೆದ್ದವರು ಯಾರು?

79ಕ್ಕೆ 74. ಮೊದಲನೆಯ ತಂಡಕ್ಕೆ 5 ಅಂಕದ ಗೆಲುವು. ಇದು ನಾನು ಹೊಸೆದ ಲೆಕ್ಕವಲ್ಲ. 2018ರ ಸೆಪ್ಟೆಂಬರಿನಲ್ಲಿ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಲಕ್ಷ ಜನರ ಎದುರು ನಡೆದ ಆಸ್ಟ್ರೇಲಿಯನ್ ಫುಟ್‌ಬಾಲ್ ಫೈನಲ್ ಇದು. ಗೆದ್ದದ್ದು ವೆಸ್ಟ್ ಕೋಸ್ಟ್, ಸೋತದ್ದು ಕಾಲಿಂಗ್‌ವುಡ್. ಕೂಡಿ ನೋಡಿ, ಸೋತವರು ಅಂಕ ಗಳಿಸಿದ್ದು 29 ಸಲ, ಗೆದ್ದವರು 24 ಸಲ ಮಾತ್ರ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸಿದ ನನಗೆ ಈ ಆಟದ ರುಚಿ ಹತ್ತಿದ್ದು ಇಲ್ಲಿಂದಲೇ.

ಮಗಳ ಸಂಸಾರ ಮೆಲ್ಬರ್ನಿನಲ್ಲಿದೆ. ಮೊಮ್ಮಗಳಿಗೆ ಹನ್ನೊಂದು ವರ್ಷ, ಭಾನುವಾರ ಬೆಳಿಗ್ಗೆ ಹುಡುಗಿಯರ ತಂಡದಲ್ಲಿ ಈ ಆಟ ಆಡುತ್ತಾಳೆ. ಅಲ್ಲಿಯವರು ಇದನ್ನು ಪ್ರೀತಿಯಿಂದ ‘ಫುಟಿ’ ಎನ್ನುತ್ತಾರೆ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಚುರುಕಾಗಿರಲಿ ಎಂಬ ಯೋಚನೆಯೂ ಸೇರಿ 1859ರಲ್ಲಿ ಅದೇ ಊರಿನಲ್ಲಿ ಇದರ ನಿಯಮಗಳನ್ನು ಬರೆದರು. ಮೈದಾನ ಇವತ್ತಿಗೂ ಕ್ರಿಕೆಟ್ ಮೈದಾನದಂತೆ ಗುಂಡಗೇ ಇದೆ. ಚೆಂಡು ಮಾತ್ರ ಗುಂಡಗಿಲ್ಲ, ಮೊಟ್ಟೆಯ ಆಕಾರ. ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತದೆಂದು ದೇವರಿಗೇ ಗೊತ್ತು. ಒಂದೊಂದು ತಂಡದಿಂದ ಹದಿನೆಂಟು ಜನ ಅದರ ಹಿಂದೆ ಓಡುತ್ತಾರೆ.

ಇಷ್ಟು ಗಲಾಟೆಯ ನಡುವೆ ಯಾರು ಎಷ್ಟು ಆಡಿದರೆಂದು ಎಣಿಸುವುದು ಹೇಗೆ? ಎಣಿಸುವ ಮೊದಲು ಪ್ರತಿಯೊಂದಕ್ಕೂ ‘ಅಂದರೆ ಏನು’ ಎಂದು ಗೆರೆ ಎಳೆಯಬೇಕು. ಆ ಗೆರೆಗಳೇ ನನಗೆ ಇಷ್ಟವಾದದ್ದು. ಚೆಂಡನ್ನು ಮೊಣಕಾಲಿನ ಕೆಳಗಿನ ಭಾಗದಿಂದ ಹೊಡೆದರೆ ‘ಕಿಕ್’. ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಕಳಿಸಿದರೆ ‘ಹ್ಯಾಂಡ್‌ಬಾಲ್’. ಸುಮ್ಮನೆ ಎಸೆಯುವ ಹಾಗಿಲ್ಲ. ಇವೆರಡನ್ನೂ ಕೂಡಿಸಿದರೆ ‘ಡಿಸ್ಪೋಸಲ್’. ಕನಿಷ್ಠ 15 ಮೀಟರ್ ದೂರ ಒದೆದ ಚೆಂಡನ್ನು, ನಡುವೆ ಇನ್ಯಾರ ಕೈಗೂ ತಾಗದೆ, ಗಾಳಿಯಲ್ಲೇ ಹಿಡಿದರೆ ‘ಮಾರ್ಕ್’. ನಡುವೆ ಒಂದು ಬೆರಳು ತಾಗಿದರೂ ಅದು ಮಾರ್ಕ್ ಅಲ್ಲ. ಅಂಪೈರ್ “ಟಚ್ಡ್” ಎಂದು ಕೂಗುತ್ತಾರೆ, ಆಟ ನಿಲ್ಲದೆ ಮುಂದುವರಿಯುತ್ತದೆ.

ದೊಡ್ಡವರ ಲೀಗಿನಲ್ಲಿ ಈ ಎಣಿಕೆಗೆಂದೇ ‘ಚಾಂಪಿಯನ್ ಡೇಟಾ’ ಎಂಬ ಸಂಸ್ಥೆಯಿದೆ. ಕಿಕ್ ‘ಸಫಲ’ವೋ ಅಲ್ಲವೋ ಎಂದೂ ಅವರು ಬರೆಯುತ್ತಾರೆ. ಅದರ ಗೆರೆ ಎಲ್ಲಿ ಗೊತ್ತೇ? 40 ಮೀಟರಿಗಿಂತ ಹತ್ತಿರದ ಕಿಕ್ ಆದರೆ ಚೆಂಡು ಗುರಿಯಿಟ್ಟ ಜೊತೆಗಾರನಿಗೇ ಸಿಗಬೇಕು. 40 ದಾಟಿದರೆ, ಇಬ್ಬರೂ ಸಮಸಮ ಹೋರಾಡುವ ಜಾಗಕ್ಕೆ ಬಿದ್ದರೂ ಸಾಕು, ಸಫಲವೇ. ದೂರಕ್ಕೆ ಒದೆಯುವುದು ಕಷ್ಟ, ಅದಕ್ಕೆ ಸ್ವಲ್ಪ ರಿಯಾಯಿತಿ. ನ್ಯಾಯವಾಗಿದೆ ಎಂದೇ ನನ್ನ ಅಭಿಪ್ರಾಯ. ಚೆಂಡು ಸಿಕ್ಕಿದ್ದು ಹೇಗೆ ಎಂಬುದಕ್ಕೂ ಬೇರೆ ಬೇರೆ ಕಾಲಮ್ಮುಗಳು: ಜಗ್ಗಾಡಿ ಕಿತ್ತುಕೊಂಡದ್ದು ಒಂದು, ಯಾರ ಕಾಟವೂ ಇಲ್ಲದೆ ಸಿಕ್ಕಿದ್ದು ಇನ್ನೊಂದು. ಎದುರಾಳಿಗೇ ನೇರವಾಗಿ ಚೆಂಡು ಕೊಟ್ಟರೆ ‘ಕ್ಲ್ಯಾಂಗರ್’, ಪಾತ್ರೆ ಬಿದ್ದ ಸದ್ದಿನಂಥ ಹೆಸರು!

ಆದರೆ ಜನರ ಬಾಯಲ್ಲಿ ಉಳಿಯುವುದು ಡಿಸ್ಪೋಸಲ್ ಲೆಕ್ಕ. 2018ರಲ್ಲಿ ಹಾಥಾರ್ನ್ ತಂಡದ ಟಾಮ್ ಮಿಚೆಲ್ ಒಂದೇ ಪಂದ್ಯದಲ್ಲಿ 54 ಡಿಸ್ಪೋಸಲ್ ಮಾಡಿದ. ಅದಕ್ಕೆ ಮೊದಲಿನ ದಾಖಲೆ 53. ಗೋಲಿನಲ್ಲಾದರೆ ಟೋನಿ ಲಾಕೆಟ್, 281 ಪಂದ್ಯಗಳಲ್ಲಿ 1360. ಇಂಥ ಸಂಖ್ಯೆಗಳು ಮಕ್ಕಳಿಗೆ ಬಾಯಿಪಾಠ. ತೊಂದರೆ ಶುರುವಾಗುವುದೂ ಇಲ್ಲೇ.

ನಮ್ಮ ಹುಡುಗಿ ಆಡುವುದು ಹಿಂದಿನ ಸಾಲಿನಲ್ಲಿ, ಎದುರಾಳಿ ಗೋಲು ಹೊಡೆಯದಂತೆ ಕಾಯುವ ಜಾಗದಲ್ಲಿ. ತಂಡದ ಒಬ್ಬ ಮಗುವಿನ ತಂದೆ ಉತ್ಸಾಹದಿಂದ ಎಲ್ಲರ ಡಿಸ್ಪೋಸಲ್ ಎಣಿಸಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಇವಳ ಗೆಳತಿಗೆ 17. ಇವಳಿಗೆ 3. ಕಾರಿನಲ್ಲಿ ಒಂದು ಮಾತಿಲ್ಲ. ಮನೆಗೆ ಬಂದು ಬೂಟು ಬಿಚ್ಚುತ್ತಾ, “ಅಮ್ಮಾ, ನೆಕ್ಸ್ಟ್ ವೀಕಿಂದ ನಾನು ಬರಲ್ಲ ಅಂತ ಹೇಳಿಬಿಡು” ಎಂದಳು. ಬಿಸಿಬಿಸಿ ದೋಸೆಯೂ ಕೆಲಸ ಮಾಡಲಿಲ್ಲ.

ಆಗ ಅವಳನ್ನು ಕೂರಿಸಿಕೊಂಡು ‘ಒನ್ ಪರ್ಸೆಂಟರ್’ ಎಂಬ ಕಾಲಮ್ಮು ತೋರಿಸಿದೆ. ಹೆಸರಿನ ಅರ್ಥ ‘ಶೇಕಡಾ ಒಂದು’, ಅಂದರೆ ಸಣ್ಣಪುಟ್ಟ ಕೆಲಸ. ಎದುರಾಳಿ ಹಿಡಿಯಬೇಕೆನ್ನುವ ಚೆಂಡನ್ನು ಗುದ್ದಿ ಆಚೆ ಕಳಿಸುವುದು ‘ಸ್ಪಾಯ್ಲ್’. ಒದೆಯುವವನ ಕಾಲಿನಿಂದ ಹಾರುತ್ತಿದ್ದಂತೆಯೇ ಚೆಂಡಿಗೆ ಕೈ ಮೈ ಒಡ್ಡುವುದು ‘ಸ್ಮದರ್’. ಜೊತೆಗಾರನಿಗೆ ದಾರಿಯಾಗಲೆಂದು ಎದುರಾಳಿಗೆ ಅಡ್ಡ ನಿಲ್ಲುವುದು ‘ಶೆಫರ್ಡ್’. ಒಂದೂ ಡಿಸ್ಪೋಸಲ್ ಅಲ್ಲ. ಕ್ರಿಕೆಟ್ಟಿನ ಸ್ಕೋರ್ ಪುಸ್ತಕದಲ್ಲಿ ಕ್ಯಾಚ್ ಹಿಡಿದವರ ಹೆಸರು ಬರುತ್ತದೆ, ಬೌಂಡರಿ ಗೆರೆಯಲ್ಲಿ ಉರುಳಿಬಿದ್ದು ಎರಡು ರನ್ ಉಳಿಸಿದವರದು ಬರುವುದಿಲ್ಲ. ಫುಟಿಯವರು ಅಷ್ಟರಮಟ್ಟಿಗೆ ಉದಾರಿಗಳು, ಇದಕ್ಕೂ ಒಂದು ಕಾಲಮ್ಮು ಇಟ್ಟಿದ್ದಾರೆ.

2010ರ ಫೈನಲಿನ ವಿಡಿಯೋ ಹಾಕಿ ತೋರಿಸಿದೆ. ಮೊದಲ ಸಲ ಕಾಲಿಂಗ್‌ವುಡ್ ಮತ್ತು ಸೇಂಟ್ ಕಿಲ್ಡಾ 68-68 ಸಮ ಮಾಡಿಕೊಂಡವು. ಮುಂದಿನ ಶನಿವಾರ ಮತ್ತೆ ಆಡಿದರು. ಸೇಂಟ್ ಕಿಲ್ಡಾದ ನಿಕ್ ರೀವೋಲ್ಟ್ ಗೋಲಿನ ಹತ್ತಿರ, ಮುಂದೆ ಯಾರೂ ಇಲ್ಲ, ಇನ್ನೇನು ಒದೆಯಬೇಕು. ಹಿಂದಿನಿಂದ ಓಡಿ ಬಂದ ಹೀತ್ ಷಾ ಮೈಚಾಚಿ ಹಾರಿ ಚೆಂಡಿಗೆ ಅಡ್ಡ ಬಿದ್ದ. ಗೋಲಿಲ್ಲ. ಕಾಲಿಂಗ್‌ವುಡ್ 108-52ರಿಂದ ಗೆದ್ದಿತು. ಆ ಪಂದ್ಯದ ಗೋಲುಗಳನ್ನು ಮರೆತವರೂ ಆ ಸ್ಮದರನ್ನು ಮರೆತಿಲ್ಲ. ಲೆಕ್ಕದ ಹಾಳೆಯಲ್ಲಿ ಅದು ಒಂದು, ಬರೀ ಒಂದು.

ಮೊಮ್ಮಗಳು ಅದನ್ನು ನಾಲ್ಕು ಸಲ ನೋಡಿದಳು. ಆಮೇಲೆ ಕೇಳಿದಳು, “ಹಾಗಾದ್ರೆ ಹಳೇ ಕಾಲದ ಪ್ಲೇಯರ್ಸ್‌ಗೆ ಟ್ಯಾಕಲ್ ಯಾಕೆ ಇಲ್ಲ ಅಜ್ಜಿ? ಅವರು ಯಾರನ್ನೂ ಹಿಡೀತಿರಲಿಲ್ವಾ?”

ಒಳ್ಳೆಯ ಪ್ರಶ್ನೆ. ಟ್ಯಾಕಲ್ ಎಣಿಸಲು ಶುರುಮಾಡಿದ್ದು 1987ರಿಂದ. ಅದಕ್ಕೆ ಮುಂಚಿನವರ ಹೆಸರಿನ ಮುಂದೆ ಜಾಗ ಖಾಲಿ. ಖಾಲಿ ಬೇರೆ, ಸೊನ್ನೆ ಬೇರೆ. ಪರೀಕ್ಷೆಗೆ ಬಾರದ ಮಗುವಿಗೆ ನಾನು ಅಂಕಪಟ್ಟಿಯಲ್ಲಿ ‘ಗೈರುಹಾಜರಿ’ ಎಂದು ಬರೆಯುತ್ತಿದ್ದೆ, ಸೊನ್ನೆ ಹಾಕುತ್ತಿರಲಿಲ್ಲ. ಎಷ್ಟೋ ಜನ ಮೇಷ್ಟ್ರುಗಳಿಗೂ ಈ ವ್ಯತ್ಯಾಸ ಹೇಳಿಕೊಡಬೇಕಾಗುತ್ತಿತ್ತು, ಅದಿರಲಿ. “ನಿನ್ನ 3ರ ಪಕ್ಕದಲ್ಲೂ ಖಾಲಿ ಜಾಗ ಇದೆ ಪುಟ್ಟಿ. ಅದನ್ನ ಯಾರೂ ಎಣಿಸಿಲ್ಲ ಅಷ್ಟೆ. ಈ ಭಾನುವಾರ ಬಾ, ನಾನು ಎಣಿಸ್ತೀನಿ. ಆದರೆ ಕ್ಲ್ಯಾಂಗರನ್ನೂ ಎಣಿಸ್ತೀನಿ.”

ಶಾಲು ಹೊದ್ದು, ಮಡಚುವ ಕುರ್ಚಿ ಹಾಕಿಕೊಂಡು, ಗೆರೆ ಎಳೆದ ನೋಟ್‌ಬುಕ್ ಹಿಡಿದು ಮೈದಾನದಂಚಿನಲ್ಲಿ ಕೂತೆ. ಕಿಕ್ 2, ಹ್ಯಾಂಡ್‌ಬಾಲ್ 2, ಟ್ಯಾಕಲ್ 3, ಸ್ಮದರ್ 1, ಕ್ಲ್ಯಾಂಗರ್ 2, ಸ್ಪಾಯ್ಲ್ 5. ಡಿಸ್ಪೋಸಲ್ ಈ ಸಲವೂ ನಾಲ್ಕೇ. ಕಾರಿನಲ್ಲಿ ಅವಳು ಅದನ್ನು ಕೇಳಲೇ ಇಲ್ಲ, ಜಗಳ ತೆಗೆದದ್ದು ಕೊನೆಯ ಕಾಲಮ್ಮಿಗೆ.

“ಸ್ಪಾಯ್ಲ್ ಆರು ಅಜ್ಜಿ! ಆ ಮರದ ಕಡೆದು ಎಣಿಸೇ ಇಲ್ಲ ನೀನು.”

“ಚೆಂಡು ಅವಳ ಕೈಯಿಂದ ತಾನೇ ಜಾರಿತಲ್ಲ.”

“ಇಲ್ಲ, ನಂಗೆ ಟಚ್ ಆಯ್ತು. ಉಗುರಿಗೆ!”

“ನಾನು ನೋಡ್ಲಿಲ್ಲ. ನೋಡದ್ದನ್ನ ಬರೆಯೋ ಹಾಗಿಲ್ಲ.”

ಬೆರಳು ಮುಂದೆ ಹಿಡಿದಳು. ಉಗುರಿನ ತುದಿ ನಿಜಕ್ಕೂ ಮುರಿದಿತ್ತು. 5 ಅನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಅವಳಿಗೆ ಅದೂ ಒಪ್ಪಿಗೆಯಾಗಲಿಲ್ಲ. ಮುಂದಿನ ಭಾನುವಾರ ಅವಳ ಅಪ್ಪ ಇನ್ನೊಂದು ಪುಸ್ತಕ ಹಿಡಿದು ಮರದ ಕಡೆ ಕೂರಬೇಕಂತೆ.