ಎತ್ತಿನ ಮರೆ, ಗೋಣಿಯ ಮರೆ

ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಸುತ್ತಲ ಬಯಲಿಗೆ ಚಳಿಗಾಲದ ನಸುಕಿನಲ್ಲಿ ಹೋದವರಿಗೆ ಮೊದಲು ಎದುರಾಗುವುದು ಒಂದೇ ಪ್ರಶ್ನೆ. ಇಲ್ಲಿ ಅವಿತುಕೊಳ್ಳುವುದಾದರೂ ಎಲ್ಲಿ? ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ಕುರುಚಲು ಪೊದೆ, ದೂರದಲ್ಲೊಂದು ಬೋಳು ಗುಡ್ಡ. ಮನುಷ್ಯ ಒಂದು ಹೆಜ್ಜೆ ಇಟ್ಟರೆ ಸಾಕು, ಎಲ್ಲೋ ಇದ್ದ ಟಿಟ್ಟಿಭ ಕೂಗಿ ಇಡೀ ಬಯಲಿಗೆ ಡಂಗುರ ಸಾರುತ್ತದೆ. ಗೌಜಲ ಹಕ್ಕಿಗಳು ಹುಲ್ಲಿನೊಳಗೆ ಓಡಿ ಮಾಯವಾಗುತ್ತವೆ. ಕೃಷ್ಣಮೃಗಗಳ ಹಿಂಡು ತಲೆಯೆತ್ತಿ ಒಮ್ಮೆ ನೋಡಿ, ನೆಗೆಯುತ್ತ ದೂರ ಸರಿಯುತ್ತದೆ.

ಕಾಡಿನಲ್ಲಾದರೆ ಮರದ ಹಿಂದೆ ನಿಲ್ಲಬಹುದು. ಬಯಲಿಗೆ ಹೋಗುವವರು ಮರೆಯನ್ನು ತಾವೇ ಹೊತ್ತೊಯ್ಯಬೇಕು!

ನಡೆದಾಡುವ ಮರೆ

ಈ ವಿದ್ಯೆಯಲ್ಲಿ ದಖನ್ನಿನ ಬೇಟೆಗಾರರು ಎಂದೋ ಪಳಗಿದ್ದರು. ಪಾರ್ಧಿಗಳಲ್ಲಿ 'ಗಾಯಕೆ' ಎಂಬ ಒಂದು ಪಂಗಡವಿತ್ತು. ಹಾಡುಗಾರಿಕೆಗೂ ಈ ಹೆಸರಿಗೂ ಸಂಬಂಧವಿಲ್ಲ. ಇದು ಗಾಯ್, ಅಂದರೆ ಹಸುವಿನಿಂದ ಬಂದ ಹೆಸರು. ಪಳಗಿಸಿದ ಎತ್ತೊಂದನ್ನು ಮುಂದೆ ಬಿಟ್ಟುಕೊಂಡು, ಅದರ ಮಗ್ಗುಲಲ್ಲೇ ಬಗ್ಗಿ ನಡೆಯುತ್ತ ಬೇಟೆಯ ಹತ್ತಿರ ಸರಿಯುವುದು ಇವರ ಕ್ರಮ. ಎತ್ತು ಮೇಯುತ್ತ ಬರುತ್ತಿದ್ದರೆ ಹಕ್ಕಿ, ಜಿಂಕೆಗಳಿಗೆ ಅನುಮಾನವೇ ಬಾರದು. ಉರುಲು ಒಡ್ಡಿ ಗೌಜಲ ಹಕ್ಕಿ ಹಿಡಿಯುತ್ತಿದ್ದವರು ಫಾಸೆ ಪಾರ್ಧಿಗಳು. ನಮ್ಮ ಉತ್ತರ ಕರ್ನಾಟಕದ ಹರಣಶಿಕಾರಿಗಳದೂ ಬೇಟೆಯ ಕುಲವೇ.

ಈ ಜಾಣ್ಮೆಗೆ ಅವರಿಗೆ ಸಿಕ್ಕ ಬಹುಮಾನವೇನು? ಬ್ರಿಟಿಷರು 1871ರಿಂದ ತಂದ ಕಾಯ್ದೆಗಳು ಇಂಥ ಅನೇಕ ಅಲೆಮಾರಿ ಸಮುದಾಯಗಳಿಗೆ 'ಅಪರಾಧಿ ಬುಡಕಟ್ಟು' ಎಂಬ ಹಣೆಪಟ್ಟಿ ಹಚ್ಚಿದವು. 1952ರಲ್ಲಿ ಕಾಯ್ದೆ ರದ್ದಾಯಿತು, ಆದರೆ ಹಣೆಪಟ್ಟಿ ಅಷ್ಟು ಸುಲಭವಾಗಿ ಅಳಿಸಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಬೇಟೆಯೂ ಕೈಬಿಟ್ಟಿತು.

ಇತ್ತ ಕೋವಿ ಹಿಡಿದ ಸಾಹೇಬರಿಗೂ ಮರೆ ಬೇಕಿತ್ತು. ಬಯಲುಸೀಮೆಯ ದೊಡ್ಡ ಹಕ್ಕಿ ಎರ್‍ಲಡ್ಡು, ಅಂದರೆ ದೊರವಾಯನ ಹಕ್ಕಿ. ಇದು ಸುಮಾರು ಒಂದು ಮೀಟರ್ ಎತ್ತರ, ಗಂಡಾದರೆ 15 ಕಿಲೋವರೆಗೂ ತೂಗಬಲ್ಲದು. ಕಾಲ್ನಡಿಗೆಯಲ್ಲಿ ಬರುವವರನ್ನು ದೂರದಿಂದಲೇ ಗುರುತಿಸುವ ಈ ಹಕ್ಕಿ, ದಿನವೂ ಹೊಲಕ್ಕೆ ಬಂದುಹೋಗುವ ಎತ್ತಿನ ಗಾಡಿಗೆ ಮಾತ್ರ ಅಷ್ಟಾಗಿ ಹೆದರುತ್ತಿರಲಿಲ್ಲ. ಹಾಗಾಗಿ ಗಾಡಿಯೇ ಶಿಕಾರಿಯ ಮರೆಯಾಯಿತು. ದಖನ್ನಿನಲ್ಲಿ ಒಬ್ಬನೇ ಮಹನೀಯ ಸಾವಿರ ದೊರವಾಯನ ಹಕ್ಕಿಗಳನ್ನು ಹೊಡೆದಿದ್ದನೆಂದು ಪಕ್ಷಿತಜ್ಞ ಸೈಕ್ಸ್ 1830ರ ದಶಕದಲ್ಲಿ ಬರೆದಿದ್ದಾನೆ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ ಇಡುವ ಹಕ್ಕಿ ಇದು ಎಂಬುದನ್ನು ನೆನೆದರೆ ಆ ಲೆಕ್ಕದ ಭಾರ ತಿಳಿಯುತ್ತದೆ.

ಚರ್ಮದ ಎತ್ತಿನೊಳಗೆ ಕ್ಯಾಮೆರಾ

ಸ್ವಾರಸ್ಯವೆಂದರೆ, ಎತ್ತಿನ ಉಪಾಯ ಇಂಗ್ಲೆಂಡಿನಲ್ಲೂ ಹೊಳೆಯಿತು. ಆದರೆ ಕೊಲ್ಲಲಿಕ್ಕಲ್ಲ, ನೋಡಲಿಕ್ಕೆ. ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಸಹೋದರರು 1895ರಲ್ಲಿ ಹಕ್ಕಿಗೂಡುಗಳ ಬಗ್ಗೆ ಪೂರ್ತಿ ಛಾಯಾಚಿತ್ರಗಳಿಂದಲೇ ಕೂಡಿದ ಪುಸ್ತಕ ತಂದವರು. 1900ರಲ್ಲಿ ಅವರು ಎತ್ತಿನ ಚರ್ಮವನ್ನು ಮರದ ಚೌಕಟ್ಟಿಗೆ ಹೊದಿಸಿ ಪೊಳ್ಳು ಎತ್ತೊಂದನ್ನು ಮಾಡಿಸಿದರು. ಅದರೊಳಗೆ ಮುದುರಿ ಕುಳಿತು ಬಯಲಿನ ಹಕ್ಕಿಗಳ ಚಿತ್ರ ತೆಗೆದರು. ಗುರಿ ಬದಲಾಯಿತು, ಮರೆ ಮಾತ್ರ ಅದೇ!

ಗೋಣಿಯ ಗೂಡು ಕಟ್ಟುವ ಬಗೆ

ಇಂದು ಇಂಥ ಗೂಡು ಕಟ್ಟಲು ಚರ್ಮವೂ ಬೇಡ, ಹೆಚ್ಚು ಖರ್ಚೂ ಇಲ್ಲ. ಐದಡಿಯ ನಾಲ್ಕು ಬಿದಿರು ಗಳ, ಹಳೆಯ ಗೋಣಿಚೀಲ, ಹುರಿ, ಇಷ್ಟಿದ್ದರೆ ಸಾಕು. ನಾಲ್ಕಡಿ ಚೌಕಕ್ಕೆ ಗಳ ನೆಟ್ಟು, ಸುತ್ತಲೂ ಮೇಲಕ್ಕೂ ಗೋಣಿ ಹೊದಿಸಬೇಕು. ಮೇಲ್ಹೊದಿಕೆ ಇಲ್ಲದಿದ್ದರೆ ಹಾರುವ ಹಕ್ಕಿಗೆ ಎಲ್ಲವೂ ಕಾಣುತ್ತದೆ. ಒಳಗೆ ಕತ್ತಲಿದ್ದಷ್ಟೂ ಒಳಗಿನ ಅಲುಗಾಟ ಹೊರಗೆ ತೋರದು. ಕುಳಿತವರ ಕಣ್ಣಿನ ಮಟ್ಟಕ್ಕೆ ಅಂಗೈಯಗಲದ ಕಿಂಡಿ ಬಿಟ್ಟರಾಯಿತು.

ಗೋಣಿಯ ಅಂಚು ಗಾಳಿಗೆ ಪಟಪಟನೆ ಬಡಿಯಬಾರದು. ಕೆಳಗೆ ಕಲ್ಲು ಹೇರಿ, ಹುರಿಯಿಂದ ಬಿಗಿಯಬೇಕು. ಸಿಕ್ಕಿಸುವ ಹುಲ್ಲು ಅದೇ ಜಾಗದಲ್ಲಿ ಉದುರಿದ ಒಣಹುಲ್ಲಾಗಿರಬೇಕು. ಜೋಳದ ಕೂಳೆಯ ನಡುವೆ ಹಸಿರು ಸೊಪ್ಪಿನ ಗೂಡು ನಿಂತರೆ ಅದು ಮರೆಯಲ್ಲ, ಜಾಹೀರಾತು! ಜಿಂಕೆಗೆ ಬಣ್ಣಗಳ ಅರಿವು ಕಡಿಮೆ. ಹಕ್ಕಿಗಾದರೋ ಬಣ್ಣ ಗ್ರಹಿಸುವ ನಾಲ್ಕು ಬಗೆಯ ಕೋಶಗಳಿದ್ದು, ಅನೇಕ ಹಕ್ಕಿಗಳು ನಮಗೆ ಕಾಣದ ಅತಿನೇರಳೆ ಬೆಳಕನ್ನೂ ಕಾಣಬಲ್ಲವು. ಹೊಳಪು ಕೊಡುವ ಸೋಪಿನಪುಡಿಯಲ್ಲಿ ಒಗೆದ ಬಟ್ಟೆ ತೊಟ್ಟು ಹೋಗಬಾರದೆಂದು ಅನುಭವಿಗಳು ಹೇಳುವುದು ಇದಕ್ಕೇ.

ಗೂಡನ್ನು ಒಂದೆರಡು ದಿನ ಮೊದಲೇ ನಿಲ್ಲಿಸಿ ಹಕ್ಕಿಗಳಿಗೆ ರೂಢಿ ಮಾಡಿಸಬೇಕು. ಸೂರ್ಯ ಬೆನ್ನ ಹಿಂದಿರಲಿ. ಬೆಳಕು ಹರಿಯುವ ಮುನ್ನ ಒಳಗೆ ಸೇರಿರಬೇಕು. ತಡವಾದರೆ ಒಂದು ಹಳೆಯ ಉಪಾಯವಿದೆ. ಮೂವರು ಗೂಡಿಗೆ ಹೋಗಿ, ಒಬ್ಬರು ಎಲ್ಲರಿಗೂ ಕಾಣುವಂತೆ ಮರಳಿ ನಡೆಯಬೇಕು. ಬಂದವರು ಹೋದರೆಂದು ಹಕ್ಕಿಗಳು ಎಷ್ಟೋ ಸಲ ನಿರಾಳವಾಗುತ್ತವೆ. ಅಪ್ಪ ದೂರ ನಡೆದರೆ ಅಮ್ಮ, ಮಗಳು ಒಳಗೆ ಉಸಿರು ಬಿಗಿಹಿಡಿದು ಕೂರಬಹುದು. ಹತ್ತೇ ನಿಮಿಷದಲ್ಲಿ ನೆಲಗುಬ್ಬಿ ಬಂದೀತು, ಹುಲ್ಲಿನ ಮೇಲೆ ಸೆಳೆವ ಹಕ್ಕಿ ತೇಲುತ್ತ ಸಾಗೀತು.

ಒಂದು ಮಾತು ಮಕ್ಕಳ ಮನಸ್ಸಿನಲ್ಲಿರಬೇಕು. ಮೊಟ್ಟೆಯಿರುವ ಗೂಡಿನ ಬಳಿ ಮರೆ ಕಟ್ಟಬಾರದು. ತಾಯಿ ಹಕ್ಕಿ ಅಂಜಿ ದೂರ ನಿಂತಷ್ಟು ಹೊತ್ತೂ ಮೊಟ್ಟೆ ಬಿಸಿಲಿನ ಪಾಲು, ಕಾಗೆಯ ಪಾಲು.

ಬಯಲೇ ಮರೆಯಾದಾಗ

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ, ವಿಸ್ತಾರ 119 ಚದರ ಕಿಲೋಮೀಟರ್. ಕೃಷ್ಣಮೃಗದೊಂದಿಗೆ ದೊರವಾಯನ ಹಕ್ಕಿಗೂ ಇದು ಹೆಸರಾಗಿತ್ತು. 1950ರ ದಶಕದಿಂದಲೇ ಇಲ್ಲಿ ನೀಲಗಿರಿ ನೆಡಲಾಗಿತ್ತು. ಗಿಡ ಚಿಕ್ಕದಿರುವಷ್ಟು ಕಾಲ ಹಕ್ಕಿಗೆ ತೊಂದರೆಯಿರಲಿಲ್ಲ. ಮರ ಎತ್ತರವಾದಂತೆ ಬಯಲು ಬಯಲಾಗಿ ಉಳಿಯಲಿಲ್ಲ. ದೂರಕ್ಕೆ ನೋಡಿ ಬದುಕುವ ಹಕ್ಕಿಗೆ ಮರದ ಸಾಲೇ ಗೋಡೆಯಾಯಿತು. ಇಂದು ಇಲ್ಲಿ ಕೃಷ್ಣಮೃಗವಿದೆ, ತೋಳವಿದೆ, ದೊರವಾಯನ ಹಕ್ಕಿಯಿಲ್ಲ. ದೇಶದಲ್ಲಿ ಉಳಿದಿರುವುದು 150ರ ಆಸುಪಾಸು, ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಸೀಮೆಯಲ್ಲಿ. 2019ರಿಂದ ಅಲ್ಲಿ ಮರಿ ಬೆಳೆಸುವ ಯತ್ನ ನಡೆದಿದೆ.

ಗಿಡ ನೆಡುವುದೇ ಪುಣ್ಯವೆಂದು ಶಾಲೆಯಲ್ಲಿ ಕಲಿತ ಮಕ್ಕಳಿಗೆ ಈ ಬಯಲು ಬೇರೆಯೇ ಪಾಠ ಹೇಳುತ್ತದೆ. ಹುಲ್ಲುಗಾವಲು ಪಾಳುಭೂಮಿಯಲ್ಲ, ಅದೂ ಒಂದು ಮನೆ.

ಬೆಂಗಳೂರಿನಿಂದ ರಾಣೆಬೆನ್ನೂರಿಗೆ ಸುಮಾರು 300 ಕಿಲೋಮೀಟರ್. ರೈಲು, ಬಸ್ಸು ಎರಡೂ ಉಂಟು. ನವೆಂಬರಿನಿಂದ ಫೆಬ್ರವರಿವರೆಗೆ ಹೋಗುವುದು ಒಳ್ಳೆಯದು. ಅಭಯಾರಣ್ಯದೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅಲ್ಲಿ ಸ್ವಂತ ಗೂಡು ಕಟ್ಟುವಂತಿಲ್ಲ. ಗೋಣಿಯ ಮರೆಗೆ ಒಪ್ಪಿಗೆ ಕೊಟ್ಟ ರೈತರ ಹೊಲದ ಬದುವೇ ಸಾಕು. ಏಳುವಾಗ ಗಳ ಕಿತ್ತ ಕುಳಿ ಮುಚ್ಚಿ, ಹುರಿಯ ತುಂಡನ್ನೂ ಬಿಡದೆ ಹೆಕ್ಕಿಕೊಂಡು ಬಂದರೆ, ಮರುದಿನ ಆ ಬದುವಿನಲ್ಲಿ ಗೌಜಲ ಹಕ್ಕಿ ಎಂದಿನಂತೆ ಮೇಯುತ್ತಿರುತ್ತದೆ.