ಸ್ಟೇರಿಂಗಿನ ಎಣ್ಣೆ

ಈಸ್ಟ್ ಹ್ಯಾಮಿನ ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸುವುದೆಂದರೆ ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್ಕಿನಲ್ಲಿ ಬಸ್ಸಿನ ಸೀಟು ಹಿಡಿದ ಹಾಗೆ. ಎರಡೂ ಬದಿಗೆ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಇವನ್ನು ಕಟ್ಟಿ ನೂರು ವರ್ಷಗಳ ಮೇಲಾಯಿತು. ಆಗ ಕಾರಿನ ಯೋಚನೆ ಯಾರಿಗಿತ್ತು? ಗ್ಯಾರೇಜಿಲ್ಲ, ಅಂಗಳವಿಲ್ಲ. ಕೌನ್ಸಿಲ್ಲಿಗೆ ಪರ್ಮಿಟ್ಟಿನ ದುಡ್ಡು ಕಟ್ಟಿಯೂ ಜಾಗಕ್ಕಾಗಿ ಬೀದಿ ಸುತ್ತಬೇಕು, ಸಿಕ್ಕಿದ ಸಂದಿಯಲ್ಲಿ ಹಿಂದೆ ಮುಂದೆ ಸ್ಟೇರಿಂಗ್ ತಿರುಗಿಸಿ ತೂರಿಸಬೇಕು. 2024ರ ಏಪ್ರಿಲ್ಲಿನಲ್ಲಿ, ಹಾಗೆ ತೂರಿಸುವಾಗ ನಮ್ಮ ಕಾರು ನರಳತೊಡಗಿತು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಬಾನೆಟ್ಟಿನೊಳಗಿಂದ 'ಊಂ' ಎಂದು ಹಸುಗೂಸಿನ ರಾಗ.

ನಾನು ರೇಡಿಯೋ ಜೋರು ಮಾಡಿದೆ. ಲೆಕ್ಕಪತ್ರದವರು ಇಂಥ ಸದ್ದುಗಳನ್ನು ಮುಂದಿನ ತ್ರೈಮಾಸಿಕಕ್ಕೆ ಒಯ್ಯುವುದರಲ್ಲಿ ನಿಸ್ಸೀಮರು. ಪಕ್ಕದಲ್ಲಿ ಕೂತಿದ್ದ ಅಣ್ಣ ಕೈ ಚಾಚಿ ರೇಡಿಯೋ ಆರಿಸಿದರು.

"ಎಣ್ಣೆ ಕೇಳ್ತಾ ಐತೆ ಕಣೋ," ಎಂದರು.

ಅಣ್ಣ ಎಂದರೆ ನನ್ನ ತಂದೆ. ಹಾಸನದ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತಂದೆಯನ್ನು ಹಾಗೇ ಕರೆಯುವುದು. ಸಾರಿಗೆ ನಿಗಮದ ಹೆಸರು ಮೈಸೂರಿನಿಂದ ಕರ್ನಾಟಕಕ್ಕೆ ಬದಲಾದ ಮರುವರ್ಷ, 1974ರಲ್ಲಿ, ಡ್ರೈವರ್ ಆಗಿ ಸೇರಿ 2006ರಲ್ಲಿ ನಿವೃತ್ತರಾದವರು. ಅದರಲ್ಲಿ ಹೆಚ್ಚಿನ ವರ್ಷ ಹಾಸನ-ಮಂಗಳೂರು, ಶಿರಾಡಿ ಘಾಟಿಯ ಮೇಲೆ. ಅವ್ವ ತೀರಿಕೊಂಡ ಮೇಲೆ ಆರು ತಿಂಗಳ ವಿಸಿಟರ್ ವೀಸಾ ಮೇಲೆ ನಮ್ಮಲ್ಲಿಗೆ ಬಂದಿದ್ದರು.

ಬಂದು ಒಂದೂವರೆ ತಿಂಗಳಾಗಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಕತ್ತಲಲ್ಲಿ ಕೂರುತ್ತಿದ್ದರು. ಮಕ್ಕಳು ಸ್ಕೂಲಿಗೆ, ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಹೈ ಸ್ಟ್ರೀಟ್ ನಾರ್ತಿನಲ್ಲಿ ನಡೆದು ಮಹಾಲಕ್ಷ್ಮಿ ಗುಡಿಯವರೆಗೆ ಹೋಗಿ ಬರುತ್ತಿದ್ದರು. ತಮಿಳು ಅಂಗಡಿಗಳಲ್ಲಿ ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಮಾತಾಡಿ ಮೆಂತ್ಯ ಸೊಪ್ಪು ತರುತ್ತಿದ್ದರು. ಮನೆಯಲ್ಲಿ ಏನಾದರೂ ಮಾಡಲು ಎದ್ದರೆ ನನ್ನ ಹೆಂಡತಿ "ಮಾವ, ನೀವು ಕೂತ್ಕೊಳಿ" ಎನ್ನುವಳು. ಪ್ರೀತಿಯಿಂದಲೇ. ಆದರೆ ದಿನಕ್ಕೆ ಹತ್ತು ಸಲ "ಕೂತ್ಕೊಳಿ" ಅನ್ನಿಸಿಕೊಂಡ ಮನುಷ್ಯ ಕೊನೆಗೆ ಕೂತೇಬಿಡುತ್ತಾನೆ.

ಕಾರಿನ ವಿಷಯಕ್ಕೆ ಬರುತ್ತೇನೆ. ನಮ್ಮದು 2006ರ ಪೆಟ್ರೋಲ್ ಹೋಂಡಾ ಅಕಾರ್ಡ್. 2021ರ ಅಕ್ಟೋಬರಿನಲ್ಲಿ ಯೂಲೆಜ್ ವಲಯ ನಾರ್ತ್ ಸರ್ಕ್ಯುಲರ್ ರಸ್ತೆಯವರೆಗೆ ಹಬ್ಬಿ ನಮ್ಮ ಬೀದಿಯನ್ನೂ ಒಳಗೆ ಹಾಕಿಕೊಂಡಾಗ ಬೀದಿಯ ಹಳೆಯ ಡೀಸೆಲ್ ಕಾರುಗಳೆಲ್ಲ ದಿನಕ್ಕೆ 12.50 ಪೌಂಡಿನ ಭಯಕ್ಕೆ ಮಾಯವಾದವು, ಇದು ಪಾರಾಯಿತು. ಪುಸ್ತಕದಲ್ಲಿ ಇದರ ಬೆಲೆ ಸೊನ್ನೆಯಾಗಿ ವರ್ಷಗಳಾದವು. ಗ್ಯಾರೇಜಿನವನು ಸ್ಟೇರಿಂಗಿನ ಎಣ್ಣೆ ಬದಲಿಸಲು 140 ಪೌಂಡ್ ಕೇಳಿದ. ಸೊನ್ನೆ ಬೆಲೆಯ ಆಸ್ತಿಗೆ 140 ಪೌಂಡ್ ಖರ್ಚು! ಎಣ್ಣೆಯ ಡಬ್ಬಿಗೆ ಇಪ್ಪತ್ತೂ ಆಗುವುದಿಲ್ಲ. ನಾವೇ ಮಾಡೋಣ ಎಂದುಕೊಂಡೆ. 'ನಾವು' ಎಂಬ ಆ ಬಹುವಚನ ಬರಿಯ ರೂಢಿಯದು. ಅಣ್ಣ ಆಗ ಅದರಲ್ಲಿ ಇರಲಿಲ್ಲ.

ಇರಲಿಲ್ಲ ಯಾಕೆಂದರೆ ನನ್ನ ಕೈಗೆ ಗ್ರೀಸ್ ತಾಗಬಾರದು ಎಂದು ಹಠ ಹಿಡಿದವರೇ ಅವರು. ಚಿಕ್ಕವನಿದ್ದಾಗ ಡಿಪೋಗೆ ಊಟದ ಕ್ಯಾರಿಯರ್ ಒಯ್ದರೆ ಗೇಟಿನಿಂದಲೇ ವಾಪಸ್ ಕಳಿಸುತ್ತಿದ್ದರು. ಬಿ.ಕಾಂ. ಆಗಿ, ಮೂರು ಸಲ ಡುಮ್ಕಿ ಹೊಡೆದು ನಾಲ್ಕನೇ ಸಲ ಸಿ.ಎ. ಪಾಸಾದ ದಿನ ಅವರು ನನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿದ್ದು ನೆನಪಿದೆ. ಏನೂ ಹೇಳಲಿಲ್ಲ.

ಪವರ್ ಸ್ಟೇರಿಂಗ್ ಎಂಬುದು ಬಹಳ ಸರಳವಾದ ಉಪಕಾರ. ಎಂಜಿನ್ನಿನ ಬಲದಿಂದ ಒಂದು ಪಂಪು ತಿರುಗಿ ಎಣ್ಣೆಯನ್ನು ಒತ್ತಡದಲ್ಲಿ ನೂಕುತ್ತದೆ. ನಾವು ಚಕ್ರ ತಿರುಗಿಸಿದ ಕಡೆಗೆ ಆ ಎಣ್ಣೆ ಒಂದು ಪಿಸ್ಟನ್ನನ್ನು ತಳ್ಳುತ್ತದೆ. ತೋಳಿನ ಕೆಲಸವನ್ನು ಎಣ್ಣೆ ಮಾಡುತ್ತದೆ. ಅಮೆರಿಕದಲ್ಲಿ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ 1926ರಲ್ಲೇ ಇದನ್ನು ಮಾಡಿ ತೋರಿಸಿದ್ದ. ಅಂಗಡಿಯಲ್ಲಿ ಕೊಳ್ಳುವ ಕಾರಿಗೆ, ಕ್ರೈಸ್ಲರ್ ಇಂಪೀರಿಯಲ್ಲಿಗೆ, ಅದು ಬಂದದ್ದು 1951ರಲ್ಲಿ. ಅಲ್ಲಿಂದ ಅಣ್ಣನ ಬಸ್ಸಿಗೆ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಸರ್ವೀಸಿನ ಕೊನೆಯ ಎರಡು ವರ್ಷ ಮಾತ್ರ ಅವರಿಗೆ ಅಂಥ ಬಸ್ಸು ಸಿಕ್ಕಿದ್ದು. ಅದಕ್ಕೆ ಮೊದಲು ತಟ್ಟೆಯಗಲದ ಆ ಚಕ್ರವನ್ನು ಘಾಟಿಯ ಒಂದೊಂದು ತಿರುವಿನಲ್ಲೂ ಸೀಟಿನಿಂದ ಅರ್ಧ ಎದ್ದು, ಹೆಗಲು ಕೊಟ್ಟು ತಿರುಗಿಸಬೇಕಿತ್ತು. ಅವರ ಬಲಗೈ ಈಗ ಹೆಗಲಿನ ಮೇಲಕ್ಕೆ ಏಳುವುದಿಲ್ಲ. ಅಂಗಿ ತೊಡುವಾಗ ಮೊದಲು ಆ ಕೈ ತೂರಿಸಿಕೊಂಡು ಆಮೇಲೆ ಎಡಗೈ.

ಒಂದು ಶನಿವಾರ ಬಾನೆಟ್ ಎತ್ತಿದೆ. ಬಿಡಿಭಾಗದ ಅಂಗಡಿಯಲ್ಲಿ ಕೇಳಿ ತಂದ ಕೆಂಪು ಎಣ್ಣೆಯ ಡಬ್ಬಿ, ಔಷಧಿ ಅಂಗಡಿಯ ದೊಡ್ಡ ಸಿರಿಂಜು, ಅದರ ತುದಿಗೆ ಮಗನ ಮೀನಿನ ತೊಟ್ಟಿಯ ನಳಿಕೆ. ಅಣ್ಣ ಸ್ವೆಟರು, ಮಫ್ಲರು ಸುತ್ತಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಅಣ್ಣ, ಚಳಿ, ನೀವು ಒಳಗೆ ಹೋಗಿ" ಎಂದೆ. ಹೋಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಂತೆ ಹತ್ತಿರ ಬಂದರು.

"ಒಳಗಿರೋ ಎಣ್ಣೆ ಕೆಂಪಿಲ್ಲವಲ್ಲ. ಆ ತೊಟ್ಟಿ ಮುಚ್ಚಳದ ಮೇಲೆ ಏನೋ ಬರ್ದವ್ರೆ, ಓದು."

ಓದಿದೆ. ಹೋಂಡಾದ ಸ್ಟೇರಿಂಗ್ ಎಣ್ಣೆಯನ್ನೇ ಬಳಸಿ ಎಂದು ಬರೆದಿತ್ತು. ನಾನು ತಂದದ್ದು ಗೇರ್‌ಬಾಕ್ಸಿನ ಎಣ್ಣೆ. ಎಷ್ಟೋ ಕಾರುಗಳ ಸ್ಟೇರಿಂಗಿಗೂ ಅದೇ ಆಗುತ್ತದೆ, ಈ ಕಾರಿಗೆ ಆಗುವುದಿಲ್ಲ. ಕಂಪನಿಗಳ ಲೆಕ್ಕದ ಅಡಿಯಲ್ಲಿ ಚಿಕ್ಕ ಅಕ್ಷರದ ಟಿಪ್ಪಣಿ ಓದುವುದೇ ನನ್ನ ಹೊಟ್ಟೆಪಾಡು. ಇಂಗ್ಲಿಷ್ ಬಾರದ ಮನುಷ್ಯ ನನಗೆ ಟಿಪ್ಪಣಿ ಓದಿಸಿದರು.

ಸರಿಯಾದ ಎಣ್ಣೆ ಬರಲು ಮುಂದಿನ ಶನಿವಾರವಾಯಿತು. ನನ್ನ ಯೋಜನೆ ಹೀಗಿತ್ತು: ತೊಟ್ಟಿಯಲ್ಲಿರುವುದನ್ನು ಸಿರಿಂಜಿನಿಂದ ಎಳೆದು ಹೊಸದನ್ನು ತುಂಬಿ, ಎಂಜಿನ್ ಚಾಲೂ ಮಾಡಿ ಸ್ಟೇರಿಂಗ್ ತಿರುಗಿಸಿ, ಬೆರೆತ ಮೇಲೆ ಮತ್ತೆ ಎಳೆಯುವುದು. ತೊಟ್ಟಿ ಹಿಡಿಯುವುದು ಒಟ್ಟು ಎಣ್ಣೆಯ ಮೂರರಲ್ಲೊಂದು ಪಾಲು ಎಂದಿಟ್ಟುಕೊಂಡರೆ ಹಳೆಯದು ನೂರರಿಂದ 67ಕ್ಕೆ, ಆಮೇಲೆ 44ಕ್ಕೆ, 30ಕ್ಕೆ, 20ಕ್ಕೆ ಇಳಿಯುತ್ತದೆ. ಇದು ನಮ್ಮ ಸವಕಳಿ ಲೆಕ್ಕವೇ. ಪ್ರತಿ ವರ್ಷ ಉಳಿದದ್ದರ ಮೇಲೆ ಕಳೆಯುತ್ತಾ ಹೋದರೆ ಬೆಲೆ ಇಳಿಯುತ್ತಲೇ ಇರುತ್ತದೆ, ಸೊನ್ನೆ ಮಾತ್ರ ಎಂದೂ ಆಗುವುದಿಲ್ಲ. ಉತ್ಸಾಹದಿಂದ ಅಣ್ಣನಿಗೆ ವಿವರಿಸಿದೆ.

"ಅಂದ್ರೆ ಹೊಸ ಎಣ್ಣೆ ಸುರಿದು ಸುರಿದು ಅದನ್ನೇ ಹೊರಕ್ಕೆ ಚೆಲ್ತೀಯ," ಎಂದರು. "ವಾಪಸ್ ಬರೋ ಪೈಪು ಕಿತ್ತು ಬಾಟ್ಲಿಗೆ ಬಿಡು. ಹಳೇದೆಲ್ಲ ಒಂದೇ ಸಲಕ್ಕೆ ಹೋಯ್ತದೆ."

ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು. ಕೆಲಸ ಅವರ ಕೈಗೆ ಹೋಯಿತು. ಹಿಂದಿನ ಚಕ್ರಕ್ಕೆ ಕಲ್ಲು ಕೊಡು ಎಂದರು. ಕಲ್ಲೆಲ್ಲಿದೆ ಈಸ್ಟ್ ಹ್ಯಾಮಿನಲ್ಲಿ? ಹಿತ್ತಲಿನಿಂದ ಎರಡು ಇಟ್ಟಿಗೆ ತಂದೆ. ಒದ್ದು ನೋಡಿ ಕೂರಿಸಿದರು. ಜಾಕು ಏರಿಸಿ ಮುಂದಿನ ಚಕ್ರಗಳೆರಡನ್ನೂ ನೆಲ ಬಿಡಿಸಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆವು. ತೊಟ್ಟಿಗೆ ಎಣ್ಣೆ ಮರಳುವ ಪೈಪು ಕಳಚಿ ಹಾಲಿನ ಖಾಲಿ ಕ್ಯಾನಿಗೆ ಇಳಿಬಿಟ್ಟು, ತೊಟ್ಟಿಯ ಬಾಯಿಗೆ ಬಿರಡೆ ಜಡಿದೆ. ಇನ್ನು ಒಬ್ಬರು ತೊಟ್ಟಿ ಬರಿದಾಗದಂತೆ ಹೊಸ ಎಣ್ಣೆ ಸುರಿಯುತ್ತಿರಬೇಕು, ಇನ್ನೊಬ್ಬರು ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಬೇಕು. ಎಂಜಿನ್ ಆಫ್, ಚಕ್ರದ ಲಾಕು ಬಿಡುವಷ್ಟು ಮಾತ್ರ ಕೀಲಿ.

ಹೆಂಡತಿಯನ್ನು ಕರೆಯಲು ಹೊರಟೆ. ತಿರುಗುವಷ್ಟರಲ್ಲಿ ಅಣ್ಣ ಡ್ರೈವರ್ ಸೀಟಿನಲ್ಲಿದ್ದರು.

"ಅಣ್ಣ, ಹೆಗಲು..."

"ಚಕ್ರ ಮೇಲೈತೆ. ಭಾರ ಎಲ್ಲೈತೆ? ನೀನು ಎಣ್ಣೆ ನೋಡ್ಕೊ."

ಸೀಟನ್ನು ಹಿಂದಕ್ಕೆ ಸರಿಸಿದರು. ಕನ್ನಡಿ ಸರಿಮಾಡಿದರು. ಅಲ್ಲಾಡದ ಕಾರಿಗೆ ಕನ್ನಡಿ ಯಾಕೆ ಎಂದು ಕೇಳಲು ಬಾಯಿ ಬರಲಿಲ್ಲ. ಆಮೇಲೆ ತಿರುಗಿಸಿದರು. ನಾನು ಚಿಕ್ಕಂದಿನಲ್ಲಿ ಅವರ ಬಸ್ಸಿನ ಬಾನೆಟ್ಟಿನ ಪಕ್ಕದ ಸೀಟಿನಲ್ಲಿ ಕೂತು ಸಕಲೇಶಪುರದವರೆಗೆ ಹೋದದ್ದುಂಟು, ಅದೇ ರೀತಿ. ಎಡಗೈ ಎಳೆಯುತ್ತದೆ, ಬಲಗೈ ಕೆಳಗಿನಿಂದ ತಳ್ಳುತ್ತದೆ, ಮೈ ಸ್ವಲ್ಪ ಮುಂದಕ್ಕೆ ಬಾಗುತ್ತದೆ. ಬಲಗೈ ಈಗ ಗಡಿಯಾರದ ಮೂರರಿಂದ ಮೇಲೆ ಹೋಗಲಿಲ್ಲ. ಅಲ್ಲಿಂದಾಚೆಗೆ ಎಡಗೈಯೇ ಎಲ್ಲ ಕೆಲಸ ಮಾಡಿತು. ಪೈಪಿನಿಂದ ಕಾಫಿ ಡಿಕಾಕ್ಷನ್ ಬಣ್ಣದ ಎಣ್ಣೆ ಗಳಗಳ ಬಿತ್ತು.

"ಸುರಿತಿದ್ದೀಯಾ?"

"ಹೂಂ."

"ಬಣ್ಣ ಹೇಳು."

"ಇನ್ನೂ ಕಪ್ಪು."

ಎದುರು ಮನೆಯ ಬಾಂಗ್ಲಾದೇಶದ ಹಿರಿಯರು ಬಂದು ಕೈಕಟ್ಟಿ ನಿಂತರು. ಮೂರನೇ ಮನೆಯ ಮಲಯಾಳಿ ಹುಡುಗ ಬಂದ. ಬೀದಿಯಲ್ಲಿ ಬಾನೆಟ್ ಎತ್ತಿದರೆ ಗಂಡಸರು ಸೇರುವುದು ಅರಸೀಕೆರೆಯಲ್ಲೂ ಅಷ್ಟೆ, ಲಂಡನ್ನಿನಲ್ಲೂ ಅಷ್ಟೆ. ಅಣ್ಣ ಕಿಟಕಿಯಿಂದ ಕನ್ನಡದಲ್ಲೇ ಎಲ್ಲರಿಗೂ ಏನಾಗುತ್ತಿದೆ ಎಂದು ಹೇಳಿದರು. ಅವರೂ ತಲೆಯಾಡಿಸಿದರು. ಎಣ್ಣೆ ಕಂದಾಗಿ, ಆಮೇಲೆ ತೆಳು ಜೇನಿನ ಬಣ್ಣಕ್ಕೆ ಬಂದಾಗ "ಸಾಕು" ಎಂದೆ. ಅಣ್ಣ ಇನ್ನೆರಡು ಸಲ ತಿರುಗಿಸಿದರು. ಅದು ಎಣ್ಣೆಗಾಗಿ ಅಲ್ಲ ಎಂದು ನನ್ನ ಅನುಮಾನ.

ಪೈಪು ಜೋಡಿಸಿ ಎಂಜಿನ್ ಚಾಲೂ ಮಾಡಿದರೆ ಸದ್ದು ಮೊದಲಿಗಿಂತ ಜೋರು! ತೊಟ್ಟಿಯಲ್ಲಿ ಹಾಲುಕ್ಕಿದಂತೆ ನೊರೆ. ನನ್ನ ಎದೆ ಧಸಕ್ಕೆಂದಿತು. 140 ಪೌಂಡ್ ಉಳಿಸಲು ಹೋಗಿ ಪಂಪನ್ನೇ ಕಳೆದುಕೊಂಡೆನೇ? "ಗಾಳಿ ಸೇರೈತೆ. ನಿಧಾನಕ್ಕೆ ತಿರುಗ್ಸು. ತುದೀಲಿ ಒತ್ತಿ ಹಿಡೀಬೇಡ," ಎಂದರು. ಹತ್ತು ನಿಮಿಷದಲ್ಲಿ ನೊರೆ ಇಳಿಯಿತು, ಸದ್ದು ಮುಕ್ಕಾಲು ಪಾಲು ಹೋಯಿತು. ಪೂರ್ತಿ ಹೋಗಲಿಲ್ಲ.

ಮರುದಿನ ಅವರ ಹೆಗಲು ಊದಿತ್ತು. ಹೆಂಡತಿ ನನ್ನೊಡನೆ ಎರಡು ದಿನ ಮಾತಾಡಲಿಲ್ಲ, ಅದು ನ್ಯಾಯವೇ. ಬಿಸಿನೀರಿನ ಚೀಲ ಇಟ್ಟುಕೊಂಡು ಕೂತ ಅಣ್ಣ ಮಾತ್ರ ಮೊಮ್ಮಕ್ಕಳಿಗೆ ಶಿರಾಡಿಯ ಮಳೆಗಾಲದ ಕಥೆ ಹೇಳುತ್ತಿದ್ದರು. ಬಂದಾಗಿನಿಂದ ಅಷ್ಟು ಮಾತಾಡಿದ್ದು ಅದೇ ಮೊದಲು. ಹಳೆಯ ಎಣ್ಣೆಯನ್ನು ಜೆಂಕಿನ್ಸ್ ಲೇನಿನ ಮರುಬಳಕೆ ಕೇಂದ್ರಕ್ಕೆ ಒಯ್ಯುವಾಗ ಅವರೂ ಬಂದರು. ಊರಲ್ಲಾದರೆ ಗೆದ್ದಲು ಹಿಡಿಯದಂತೆ ಮನೆಯ ತೊಲೆಗಳಿಗೆ ಬಳಿಯಬಹುದಿತ್ತು ಎಂದು ಅವರಿಗೆ ಬೇಸರ.

ಅವರನ್ನು ಇಲ್ಲೇ ಉಳಿಸಿಕೊಳ್ಳಬಹುದೇ ಎಂದು ಆ ತಿಂಗಳು ನಾನು ನಿಯಮಗಳನ್ನೆಲ್ಲ ಓದಿದೆ. ಈ ಸಲ ಟಿಪ್ಪಣಿ ಬಿಡದೆ. 2012ರ ಜುಲೈನಿಂದ ಅದು ಬಹಳ ಬಿಗಿ. ತಂದೆತಾಯಿ ನಿತ್ಯದ ಕೆಲಸಗಳಿಗೂ ಇನ್ನೊಬ್ಬರ ಆರೈಕೆ ಬೇಕಾದಷ್ಟು ಅಶಕ್ತರಾಗಿರಬೇಕು, ಆ ಆರೈಕೆ ಅವರ ದೇಶದಲ್ಲಿ ಸಿಗುವಂತಿರಬಾರದು. ಅರ್ಜಿಯನ್ನೂ ಅಲ್ಲಿಂದಲೇ ಹಾಕಬೇಕು. ಎಪ್ಪತ್ತಾರರಲ್ಲಿ ಕಾರಿನ ಸ್ಟೇರಿಂಗ್ ತಿರುಗಿಸುವ ಮನುಷ್ಯನನ್ನು ಯಾವ ನಮೂನೆಯಲ್ಲಿ ಅಶಕ್ತ ಎಂದು ತುಂಬಲಿ? ಅಣ್ಣನಿಗೆ ಹೇಳಿದಾಗ "ನಾನು ಕೇಳಿದ್ನಾ ಇರ್ತೀನಿ ಅಂತ?" ಎಂದರು. ಸೆಪ್ಟೆಂಬರ್ ಮೊದಲ ವಾರ ಹೊರಟರು.

ನವೆಂಬರಿನ ಚಳಿಗೆ ಉಳಿದ ಕಾಲು ಪಾಲು ಸದ್ದು ಮತ್ತೆ ದೊಡ್ಡದಾಯಿತು. ಫೋನಿನಲ್ಲಿ ಹೇಳಿದೆ. "ಎಣ್ಣೆ ಹೊಸ್ದು. ಹಂಗಾದ್ರೆ ಪಂಪು ಗಾಳಿ ಕುಡೀತೈತೆ. ತೊಟ್ಟಿಯಿಂದ ಪಂಪಿಗೆ ಹೋಗೋ ಪೈಪಿನ ಬಾಯಲ್ಲಿ ಒಂದು ರಬ್ಬರ್ ಉಂಗುರ ಇರ್ತದೆ, ನೋಡು," ಎಂದರು. ಇತ್ತು. ಹದಿನೆಂಟು ವರ್ಷದ ರಬ್ಬರು ಬಳೆಚೂರಿನಂತೆ ಗಟ್ಟಿಯಾಗಿತ್ತು. ಹೊಸದಕ್ಕೆ ಎರಡು ಪೌಂಡ್ ಚಿಲ್ಲರೆ. ಭಾನುವಾರ ಒಬ್ಬನೇ ಹಾಕಿ, ಗಾಳಿ ತೆಗೆದು, ವಿಡಿಯೋ ಕರೆ ಮಾಡಿ ಫೋನನ್ನು ಬಾನೆಟ್ಟಿನೊಳಗೆ ಹಿಡಿದೆ. ಹಾಸನದಲ್ಲಿ ಆಗ ರಾತ್ರಿ ಎಂಟು ದಾಟಿತ್ತು. ಅಣ್ಣ ಪರದೆ ನೋಡುವುದು ಬಿಟ್ಟು ಫೋನನ್ನು ಕಿವಿಗಿಟ್ಟುಕೊಂಡಿದ್ದರಿಂದ ನನಗೆ ಕಂಡದ್ದು ಅವರ ಕಿವಿ, ಸ್ವಲ್ಪ ಬಿಳಿ ಕೂದಲು.

"ಎಡಕ್ಕೆ ತಿರುಗ್ಸು," ಎಂದರು. ಮಗ ಒಳಗೆ ಕೂತು ತಿರುಗಿಸಿದ.

"ಬಲಕ್ಕೆ."

ತಿರುಗಿಸಿದ.

"ಹೂಂ. ಬಾನೆಟ್ ಮುಚ್ಚು," ಎಂದರು. ಆಮೇಲೆ, "ಚಕ್ರದ ಕಲ್ಲು ತೆಗೆದ್ಯಾ?"

ತೆಗೆದಿರಲಿಲ್ಲ.