ಬರೀ ನಂಬರ್ ಅಷ್ಟೇ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಭದ್ರಾವತಿಯ ಒಂದು ಪ್ರೌಢಶಾಲೆ. ನನ್ನ ಬೋಧನಾ ವಿಷಯ ಗಣಿತ. ಆದರೆ ಪದವಿಯಲ್ಲಿ ಪಿಎಂಸಿಎಸ್ ಓದಿ, ಒಂದೂವರೆ ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ ಬಂದವಳೆಂದು ತಿಳಿದ ಕೂಡಲೇ ಮುಖ್ಯ ಶಿಕ್ಷಕರು ಒಂಬತ್ತನೇ ತರಗತಿಯ ಕಂಪ್ಯೂಟರ್ ಅವಧಿಗಳನ್ನೂ ನನ್ನ ತಲೆಗೆ ಕಟ್ಟಿದರು. ಜೊತೆಗೆ ಕಚೇರಿಯ ಟೈಪಿಂಗ್ ಕೆಲಸವೂ ಬಂತು. ಪ್ರಶಿಕ್ಷಣಾರ್ಥಿಗಳಿಗೆ ಇದೇನೂ ಹೊಸದಲ್ಲ.

ಕಂಪ್ಯೂಟರ್ ಕ್ಷೇತ್ರದವರ ವೃತ್ತಿನೀತಿ ಎಂಬ ವಿಷಯವನ್ನು ನಾನೇ ಆರಿಸಿಕೊಂಡೆ. ನಮ್ಮ ಕಡೆ ನೀತಿಯ ಪಾಠಕ್ಕೆ ಸಿದ್ಧ ಪೀಠಿಕೆಯೊಂದಿದೆ: ವಿಶ್ವೇಶ್ವರಯ್ಯನವರು ಸರ್ಕಾರದ ಮೇಣದ ಬತ್ತಿ ಆರಿಸಿ ಸ್ವಂತದ ಬತ್ತಿ ಹಚ್ಚಿದರೆಂಬ ಕಥೆ. ಭದ್ರಾವತಿಯಲ್ಲಂತೂ ಅದು ಇನ್ನೂ ಹತ್ತಿರದ್ದು. 1923ರಲ್ಲಿ ಇಲ್ಲಿನ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿದವರು ಅವರೇ. ಆದರೂ ನಾನು ಆ ಕಥೆ ಬಳಸಲಿಲ್ಲ. ಅದು ನಡೆದದ್ದೋ ಇಲ್ಲವೋ ಎಂಬುದು ಹಾಗಿರಲಿ, ಮೇಣದ ಬತ್ತಿ ಉರಿದರೆ ಕರಗಿದ್ದು ಕಣ್ಣಿಗೆ ಕಾಣುತ್ತದೆ. ಕಂಪ್ಯೂಟರಿನಿಂದ ಒಂದು ಪಟ್ಟಿಯನ್ನು ಪ್ರತಿ ಮಾಡಿಕೊಂಡರೆ ಮೂಲ ಪಟ್ಟಿ ಇದ್ದಲ್ಲೇ ಇರುತ್ತದೆ. ಏನೂ ಕಳೆದಂತೆ ಕಾಣುವುದಿಲ್ಲ. ಈ ವೃತ್ತಿಯ ನೀತಿ ಕಷ್ಟವಾಗುವುದು ಅಲ್ಲಿಯೇ.

ಬದಲಿಗೆ ಪಠ್ಯಪುಸ್ತಕದ ಕ್ಯೂಆರ್ ಕೋಡ್ ತೆರೆಯಲು ಹೇಳಿದೆ. ಅದು ದೀಕ್ಷಾ ವೇದಿಕೆಗೆ ಹೋಗುತ್ತದೆ. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ವೇದಿಕೆ. ನಮ್ಮಲ್ಲಿ ಬಹುತೇಕರು ಅದನ್ನು ಬಳಸಿಯೇ ಇರುತ್ತೇವೆ. 2023ರ ಜನವರಿಯಲ್ಲಿ ಒಂದು ಸುದ್ದಿ ಬಂತು. ದೀಕ್ಷಾದ ಮಾಹಿತಿ ಇಟ್ಟಿದ್ದ ಒಂದು ಕ್ಲೌಡ್ ಸರ್ವರ್‌ಗೆ ಬೀಗವೇ ಇರಲಿಲ್ಲವಂತೆ. ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನ್ ಸಂಖ್ಯೆ, ಇಮೇಲ್ ಮತ್ತು ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರ ಹುಡುಕಿದವರಿಗೆ ಸಿಗುವಂತಿತ್ತು. ಯಾರೂ ಗೋಡೆ ಒಡೆದು ಕದ್ದಿದ್ದಲ್ಲ, ಬಾಗಿಲೇ ತೆರೆದಿತ್ತು.

"ಅದು ಯಾರ ಕೆಲಸ ಮಿಸ್, ಬೀಗ ಹಾಕೋದು?" ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ. ನನ್ನ ಪಾಠಯೋಜನೆಯಲ್ಲಿದ್ದ ಯಾವ ಪ್ರಶ್ನೆಗಿಂತಲೂ ಅದು ಚೆನ್ನಾಗಿತ್ತು.

ಉತ್ತರ ಅಷ್ಟು ಸುಲಭವಲ್ಲ. ವೈದ್ಯರು ನೋಂದಣಿಯಿಲ್ಲದೆ ಚಿಕಿತ್ಸೆ ಕೊಡುವಂತಿಲ್ಲ, ವಕೀಲರು ಸನ್ನದಿಲ್ಲದೆ ವಾದ ಮಾಡುವಂತಿಲ್ಲ. ಪ್ರೋಗ್ರಾಂ ಬರೆಯಲು ಅಂಥ ಪರವಾನಗಿ ಬೇಕಿಲ್ಲ. ಅಮೆರಿಕದಲ್ಲಿ 1947ರಲ್ಲಿ ಹುಟ್ಟಿದ ಎಸಿಎಂ ಎಂಬ ಕಂಪ್ಯೂಟರ್ ತಜ್ಞರ ಸಂಘಕ್ಕೆ ನೀತಿಸಂಹಿತೆಯಿದೆ. 1992ರದ್ದನ್ನು 2018ರಲ್ಲಿ ಪರಿಷ್ಕರಿಸಿದರು. ತಪ್ಪಿದವರನ್ನು ಸಂಘ ಸದಸ್ಯತ್ವದಿಂದ ತೆಗೆಯಬಹುದು, ಕೆಲಸದಿಂದ ತೆಗೆಯಲಾರದು. ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಕಂಪನಿಯದೇ ಒಂದು ನೀತಿಸಂಹಿತೆ ಪರದೆಯ ಮೇಲೆ ಬಂದಿತ್ತು. ಕೊನೆಯವರೆಗೆ ಎಳೆದು 'ಒಪ್ಪಿದೆ' ಒತ್ತಿದರೆ ಊಟದ ಕೂಪನ್ ಕೊಡುತ್ತಿದ್ದರು. ನಮ್ಮ ತಂಡದಲ್ಲಿ ಆಮೇಲೆ ಅದರ ಸುದ್ದಿ ಎತ್ತಿದವರಿಲ್ಲ.

ಸಾಫ್ಟ್‌ವೇರ್ ಎಂಜಿನಿಯರುಗಳಿಗಾಗಿ 1999ರಲ್ಲಿ ಬಂದ ಇನ್ನೊಂದು ಸಂಹಿತೆಯನ್ನು ಕಪ್ಪುಹಲಗೆಯ ಮೇಲೆ ಬರೆದೆ. ಅದರಲ್ಲಿ ಎಂಟು ತತ್ವಗಳಿವೆ. ಎಂಟನ್ನೂ ಬಾಯಿಪಾಠ ಮಾಡಿಸುವ ಆಸೆ ನನಗಿರಲಿಲ್ಲ. ಮೊದಲಿನ ಎರಡು ಸಾಕಿತ್ತು. ಮೊದಲನೆಯದು ಸಾರ್ವಜನಿಕರ ಹಿತ. ಕೆಲಸ ಕೊಟ್ಟ ಗ್ರಾಹಕ ಮತ್ತು ಸಂಬಳ ಕೊಡುವ ಯಜಮಾನ ಬರುವುದು ಎರಡನೆಯದರಲ್ಲಿ. "ಸಂಬಳ ಕೊಡೋರು ಎರಡನೆಯವರಾ?" ಎಂದು ಇಡೀ ತರಗತಿ ನಕ್ಕಿತು. ಅದೇ ಬುಡದಲ್ಲಿ ನಮ್ಮ ರಾಜ್ಯದ ಹೆಸರೊಂದನ್ನೂ ಬರೆದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿಚಾರವಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದ್ದು ಆ ದಾರಿಯಲ್ಲೇ. ಅದರ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು.

ಇಷ್ಟು ಪಾಠ ಮಾಡಿದ ಮರುವಾರವೇ ಪಟ್ಟಿಯ ಪ್ರಸಂಗ ಬಂತು.

ಮೂರೂ ತರಗತಿಗಳ ಪೋಷಕರ ಮೊಬೈಲ್ ಸಂಖ್ಯೆಗಳನ್ನು ನಾನು ಎಕ್ಸೆಲ್‌ನಲ್ಲಿ ಹೊಂದಿಸುತ್ತಿದ್ದೆ. ಆ ದಿನ ಮುಖ್ಯ ಶಿಕ್ಷಕರು ಬಿಇಒ ಕಚೇರಿಗೆ ಹೋಗಿದ್ದರು. ಟ್ಯುಟೋರಿಯಲ್ ಒಂದರ ಕಡೆಯವರು ಬಂದು ಎಸ್ಸೆಸ್ಸೆಲ್ಸಿ ಮಕ್ಕಳಿಗೆಲ್ಲ ತಲಾ ಆರು ನೋಟ್‌ಬುಕ್ ಉಚಿತವಾಗಿ ಕೊಡುತ್ತೇವೆ, ಪೋಷಕರ ಪಟ್ಟಿಯೊಂದು ಬೇಕು ಎಂದರು. "ಬರೀ ನಂಬರ್ ಅಷ್ಟೇ ಮೇಡಂ, ಪಾಸ್‌ಬುಕ್ ಕೇಳ್ತಿಲ್ವಲ್ಲ" ಎಂದು ನಕ್ಕರು. ಪಕ್ಕದಲ್ಲಿದ್ದ ಹಿರಿಯ ಶಿಕ್ಷಕರೊಬ್ಬರು, "ಕೊಡಮ್ಮ, ಬಡ ಮಕ್ಕಳು, ನೋಟ್‌ಬುಕ್ ಆದ್ರೂ ಸಿಗುತ್ತೆ" ಎಂದರು. ಅವರಿಗೆ ಅದರಲ್ಲಿ ಸ್ವಂತ ಲಾಭವೇನೂ ಇರಲಿಲ್ಲ. ನಿಜವಾಗಿಯೂ ಮಕ್ಕಳ ಮೇಲಿನ ಪ್ರೀತಿಯಿಂದಲೇ ಹೇಳಿದ್ದು. ನನ್ನ ಇಂಟರ್ನ್‌ಶಿಪ್ ವರದಿಗೆ ಅಭಿಪ್ರಾಯ ಬರೆಯುವವರೂ ಅವರೇ.

"ಪಟ್ಟಿ ನನ್ನದಲ್ಲ ಸರ್. ಪೋಷಕರು ನಂಬರ್ ಕೊಟ್ಟಿದ್ದು ಶಾಲೆಗೆ. ಕರಪತ್ರ ಕೊಟ್ಟರೆ ಮಕ್ಕಳ ಕೈಲಿ ಮನೆಗೆ ಕಳಿಸ್ತೀನಿ, ಬೇಕಾದವರು ಅವರೇ ಫೋನ್ ಮಾಡ್ತಾರೆ" ಎಂದೆ. ಬಂದವರು ಕರಪತ್ರವನ್ನೂ ಕೊಡಲಿಲ್ಲ. ನೋಟ್‌ಬುಕ್ಕೂ ಬರಲಿಲ್ಲ. ಸಂಜೆ ಮುಖ್ಯ ಶಿಕ್ಷಕರಿಗೆ ತಿಳಿಸಿದಾಗ ಅವರು ಹೂಂಗುಟ್ಟಿದರಷ್ಟೆ. ಹಿರಿಯ ಶಿಕ್ಷಕರು ನನ್ನೊಡನೆ ನಾಲ್ಕು ದಿನ ಮಾತು ಕಡಿಮೆ ಮಾಡಿದರು. ಹತ್ತನೇ ತರಗತಿಯ ಹುಡುಗಿಯೊಬ್ಬಳು, "ನೋಟ್‌ಬುಕ್ ಕೊಡ್ತಾರೆ ಅಂದಿದ್ರಂತೆ ಮಿಸ್?" ಎಂದು ಕೇಳಿದಾಗ ಉತ್ತರಿಸುವುದು ಕಷ್ಟವಾಯಿತು. ನೀತಿಸಂಹಿತೆಯ ಪುಟಗಳಲ್ಲಿ ಈ ಲೆಕ್ಕ ಇರುವುದಿಲ್ಲ. ಆ ಹುಡುಗಿಗೆ ಆರು ನೋಟ್‌ಬುಕ್ಕಿನ ಬೆಲೆ ನನಗಿಂತ ಚೆನ್ನಾಗಿ ಗೊತ್ತು.

ಮುಂದಿನ ಅವಧಿಯಲ್ಲಿ ಇದನ್ನೇ ಊರು, ಹೆಸರು ಬದಲಿಸಿ ಒಂಬತ್ತನೆಯವರ ಮುಂದಿಟ್ಟೆ. ಮುಕ್ಕಾಲು ಪಾಲು ಮಕ್ಕಳು ಕೊಡಬೇಕಿತ್ತು ಎಂದರು. ಬೇಡದ ಕರೆ ಬಂದರೆ ಕಟ್ ಮಾಡಿದರಾಯಿತು, ನೋಟ್‌ಬುಕ್ ಸಿಕ್ಕಿದ್ದು ಲಾಭ ಎಂಬುದು ಅವರ ವಾದ. ಆಗ ಸಾಮಾನ್ಯವಾಗಿ ಮಾತೇ ಆಡದ ಹುಡುಗಿಯೊಬ್ಬಳು ಎದ್ದು ನಿಂತಳು. "ನಮ್ಮಪ್ಪ ಲಾರಿಲಿ ಹೋಗಿರ್ತಾರೆ ಮಿಸ್. ಅಮ್ಮ ಯಾವ ನಂಬರಿಂದ ಬಂದ್ರೂ ಎತ್ತುತ್ತೆ, ಅಪ್ಪಂಗೆ ಏನಾದ್ರೂ ಆಯ್ತೇನೋ ಅಂತ." ಅಷ್ಟು ಹೇಳಿ ಕುಳಿತಳು. ಯಾರೂ ವಾದ ಮುಂದುವರಿಸಲಿಲ್ಲ. ಒಂದೇ ಸಂಖ್ಯೆ ಒಂದು ಮನೆಯಲ್ಲಿ ಕಿರಿಕಿರಿ, ಇನ್ನೊಂದು ಮನೆಯಲ್ಲಿ ಎದೆ ನಡುಕ. ಪಟ್ಟಿ ಮಾಡುವವರಿಗೆ ಯಾವ ಮನೆ ಯಾವುದೆಂದು ಕಾಣುವುದಿಲ್ಲ.

ಅಂದು ಪಾಠ ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರು ಷರಾದಲ್ಲಿ "ಚರ್ಚೆ ಉತ್ತಮ, ಮುಕ್ತಾಯ ಹಂತ ದುರ್ಬಲ, ಸರಿ ಉತ್ತರ ಹೇಳಿಲ್ಲ" ಎಂದು ಬರೆದರು. ಅವರ ಬಗ್ಗೆ ಗೌರವವಿದೆ, ಆದರೆ ಇದನ್ನು ಒಪ್ಪಲಾರೆ. ಆ ಹುಡುಗಿಯ ಮಾತಿನ ಮೇಲೆ ನಾನು ಸಾರಾಂಶ ಬರೆದಿದ್ದರೆ ಮಕ್ಕಳು ಅದನ್ನು ನೋಟ್ಸಿಗೆ ಇಳಿಸಿಕೊಂಡು ಅವಳ ಮಾತು ಮರೆಯುತ್ತಿದ್ದರು.

ಇದೆಲ್ಲ ಕಂಪ್ಯೂಟರಿನವರ ತಲೆನೋವು ಎಂದುಕೊಳ್ಳುವ ಸಹಪಾಠಿಗಳಿಗಾಗಿ ಒಂದು ವಿಷಯ ಹೇಳಬೇಕು. ಎನ್‌ಸಿಟಿಇ ರೂಪಿಸಿದ ಶಾಲಾ ಶಿಕ್ಷಕರ ವೃತ್ತಿನೀತಿ ಸಂಹಿತೆಯಲ್ಲೂ ವಿದ್ಯಾರ್ಥಿಯ ಗೋಪ್ಯ ಮಾಹಿತಿಯನ್ನು ಹಕ್ಕಿಲ್ಲದವರಿಗೆ ಬಿಟ್ಟುಕೊಡಬಾರದೆಂದಿದೆ. ನಮ್ಮ ವ್ಯಕ್ತಿ ಅಧ್ಯಯನದ ರೆಕಾರ್ಡುಗಳನ್ನು ಒಮ್ಮೆ ತೆಗೆದು ನೋಡಿ. ಕಲಿಕೆಯಲ್ಲಿ ಹಿಂದುಳಿದ ಮಗುವಿನ ಪೂರ್ಣ ಹೆಸರು, ಫೋಟೋ, ತಂದೆಯ ಕುಡಿತ, ತಾಯಿಯ ಕಾಯಿಲೆ, ಮನೆಯ ವಿಳಾಸ ಎಲ್ಲ ಅಲ್ಲಿದೆ. ಮಾದರಿಗೆಂದು ಕಿರಿಯರು ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಗುಂಪಿಗೆ ಹಾಕುತ್ತಾರೆ. ನನ್ನ ರೆಕಾರ್ಡಿನಲ್ಲಿ ಮಗುವಿನ ಹೆಸರಿನ ಜಾಗದಲ್ಲಿ 'ವಿದ್ಯಾರ್ಥಿನಿ-1' ಎಂದು ಬರೆದಿದ್ದೇನೆ, ಫೋಟೋದ ಚೌಕ ಖಾಲಿ ಬಿಟ್ಟಿದ್ದೇನೆ. ಆ ಚೌಕಕ್ಕೆ ಎರಡು ಅಂಕ ನಿಗದಿಯಾಗಿದೆ. ಕೊಡುತ್ತಾರೋ ಇಲ್ಲವೋ, ಆಂತರಿಕ ಅಂಕಗಳ ಪಟ್ಟಿ ಇನ್ನೂ ಸೂಚನಾ ಫಲಕಕ್ಕೆ ಬಂದಿಲ್ಲ.